ಅಕ್ಕನ ಸಾವಿರ ಕಿಲೋಮೀಟರು

ಅಕ್ಕನ ಮೂರು ಚಕ್ರದ ಬೈಕು ಎನ್.ಆರ್. ಕಾಲೋನಿಯ ನಮ್ಮ ಮನೆಯ ಮುಂದೆ ಮೊದಲ ಸಲ ಬಂದು ನಿಂತ ದಿನ ಅದನ್ನು ಒಳಗೆ ತರಲಾಗಲಿಲ್ಲ. ಗೇಟು ಐದು ಇಂಚು ಕಿರಿದಾಗಿತ್ತು. ಅಕ್ಕ ಗಾಡಿಯ ಮೇಲೆ ಕೂತೇ ಒಮ್ಮೆ ಗೇಟನ್ನು, ಒಮ್ಮೆ ನನ್ನನ್ನು ನೋಡಿದಳು.

"ಅಳತೆ ತಗೊಂಡಿದ್ದು ನೀನು ತಾನೆ?"

ನಾನೇ. ಗಾಡಿಯ ಅಳತೆಯನ್ನು ಮೂರು ಸಲ ತೆಗೆದಿದ್ದೆ. ಗೇಟಿನದು ತೆಗೆದಿರಲಿಲ್ಲ. ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಮೂವತ್ತೆರಡು ವರ್ಷ ಯಂತ್ರಗಳ ರೀಡಿಂಗ್ ಬರೆದು ನಿವೃತ್ತನಾದವನು ನಾನು. ಕಂಡದ್ದನ್ನು ಕಂಡ ಹೊತ್ತಿಗೇ ಬರೆಯಬೇಕು, ತಪ್ಪಾದರೆ ಅಳಿಸಬಾರದು, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದನ್ನು ಬರೆದು ಸಹಿ ಹಾಕಬೇಕು ಎಂದು ಅಲ್ಲಿ ಕಲಿಸಿದ್ದರು. ಅಕ್ಕ ತನ್ನ ದೂರದ ಓಟಕ್ಕೆ ನನ್ನನ್ನು ಜೊತೆಗೆ ಹಾಕಿಕೊಂಡದ್ದೂ ಇದಕ್ಕಾಗಿಯೇ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಎರಡನೇ ವಯಸ್ಸಿಗೆ ಪೋಲಿಯೊ ಬಂದು ಎಡಗಾಲಿನ ಶಕ್ತಿ ಹೋಯಿತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ಮಂಡಿಯ ಹತ್ತಿರ ಒಂದು ಲಾಕು ಇರುವ ಕ್ಯಾಲಿಪರ್, ಎರಡು ಕಡೆ ಊರುಗೋಲು. ಹಾಗೆಯೇ ಓದಿದಳು, ಒಂದು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿ ಕೆಲಸ ಮಾಡಿದಳು. ಪಕ್ಕದ ಚಕ್ರ ಕೂಡಿಸಿದ ಸ್ಕೂಟರಿನಲ್ಲಿ ದಿನಾ ಹೋಗಿ ಬಂದಳು. ಮದುವೆಯಾಗಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಕೆಳಗಿನ ಮನೆಯಲ್ಲಿ ಅವಳು, ಮೇಲಿನದರಲ್ಲಿ ನಾನು ಮತ್ತು ನನ್ನ ಹೆಂಡತಿ.

ನಿವೃತ್ತಿಯಾಗಿ ನಾಲ್ಕನೇ ವರ್ಷ ಅವಳು ಒಂದು ರೈಡಿಂಗ್ ಕ್ಲಬ್ಬಿನ ನಿಯಮಗಳನ್ನು ಪ್ರಿಂಟ್ ಮಾಡಿಸಿ ತಂದಳು. ಇಪ್ಪತ್ನಾಲ್ಕು ಗಂಟೆಯೊಳಗೆ ಸಾವಿರ ಕಿಲೋಮೀಟರ್ ಓಡಿಸಬೇಕು. ಪ್ರತಿ ಪೆಟ್ರೋಲ್ ಬಂಕಿನ ಬಿಲ್ಲು, ಮೀಟರಿನ ಫೋಟೊ ಇರಬೇಕು. ಹೊರಡುವಾಗ ಮತ್ತು ಮುಗಿಸುವಾಗ ಸಾಕ್ಷಿಯ ಸಹಿ ಬೇಕು. ಮುಗಿಸಿದವರಿಗೆ ಒಂದು ಸರ್ಟಿಫಿಕೇಟು.

"ಇದೆಲ್ಲ ಯಾಕಕ್ಕ ಈಗ?" ಅಂದೆ.

"ನನ್ ಹತ್ರ ಇರೋ ಕಾಗದದಲ್ಲೆಲ್ಲ ಒಂದೇ ನಂಬರು ಕಣೋ. ಬಸ್ ಪಾಸಲ್ಲಿ ಅರವತ್ತು, ಕೆಲಸದ ಆರ್ಡರಲ್ಲಿ ಅರವತ್ತು, ಲೈಸೆನ್ಸಿನ ಅರ್ಜೀಲಿ ಅರವತ್ತು. ಇಷ್ಟು ಪರ್ಸೆಂಟು ಊನ ಅಂತ. ಬೇರೆ ನಂಬರಿರೋ ಕಾಗದ ಒಂದು ಬೇಕು ನಂಗೆ."

"ಸಾವಿರ."

"ಹ್ಞೂಂ. ಸಾಕ್ಷಿ ನೀನು. ಸುಳ್ಳು ಸಹಿ ಹಾಕ್ಬೇಡ, ನಿಜವಾಗ್ಲೂ ಓಡಿಸ್ತೀನಿ."

ಅವಳ ಸ್ಕೂಟರಿಗೆ ಚಕ್ರ ಕೂಡಿಸಿದ್ದ ಮೇಸ್ತ್ರಿಯೇ ಕಲಾಸಿಪಾಳ್ಯದ ಹಿಂದಿನ ಗಲ್ಲಿಯಲ್ಲಿ ಈ ಗಾಡಿಯನ್ನೂ ಮಾಡಿಕೊಟ್ಟರು. ಹಳೆಯ ಬೈಕೊಂದರ ಹಿಂದಿನ ಚಕ್ರ ಬಿಚ್ಚಿ, ಅಲ್ಲಿ ಅಗಲವಾದ ಆಕ್ಸಲ್ಲು, ಎರಡು ಚಕ್ರ. ಗೇರನ್ನೂ ಬ್ರೇಕನ್ನೂ ಕೈಗೆ ತಂದರು. ಬೈಕಿನಂತೆ ಇದು ವಾಲುವುದಿಲ್ಲ, ಪ್ರತಿ ತಿರುವಿನಲ್ಲೂ ಹ್ಯಾಂಡಲನ್ನು ಭುಜದ ಬಲದಿಂದ ಎಳೆಯಬೇಕು. ಮುಂದಿನ ಚಕ್ರ ಗುಂಡಿ ತಪ್ಪಿಸಿದರೂ ಹಿಂದಿನದೊಂದು ಅದೇ ಗುಂಡಿಗೆ ಬೀಳುತ್ತದೆ. ಆದ್ದರಿಂದ ಓಡಿಸುವವರು ಒಂದೇ ರಸ್ತೆಯಲ್ಲಿ ಮೂರು ದಾರಿಗಳನ್ನು ನೋಡಿಕೊಂಡು ಹೋಗಬೇಕು. ಬುಲ್ ಟೆಂಪಲ್ ರಸ್ತೆಯ ಇಳಿಜಾರಿನಲ್ಲಿ ಅಕ್ಕ ಒಂದು ತಿಂಗಳು ಬೆಳಗಿನ ಹೊತ್ತು ಅದನ್ನೇ ಕಲಿತಳು.

"ಮೇಡಂ, ಐವತ್ತು. ಐವತ್ತರ ಮೇಲೆ ಹೋಗ್ಬೇಡಿ. ಆಕ್ಸಲ್ಲು ನಾನು ಕೂಡ್ಸಿರೋದು, ಕಂಪ್ನಿಯೋರಲ್ಲ" ಅಂದಿದ್ದರು ಮೇಸ್ತ್ರಿ.

"ಅರವತ್ತಕ್ಕೆ ಏನಾಗುತ್ತೆ?"

"ಅರವತ್ತಕ್ಕೆ ಏನೂ ಆಗಲ್ಲ. ಆಮೇಲೆ ಆಗುತ್ತೆ."

"ನೀವು ಡಾಕ್ಟ್ರಾಗ್ಬೇಕಿತ್ತು" ಅಂದಳು ಅಕ್ಕ.

ಬೆಳಗಾವಿಗೆ ಹೋಗಿ ವಾಪಸ್ ಬಂದರೆ ಸಾವಿರ ದಾಟುತ್ತದೆ. ಗಂಟೆಗೆ ಐವತ್ತರಂತೆ ಇಪ್ಪತ್ತು ಗಂಟೆ ಓಡಿಸಬೇಕು. ಉಳಿಯುವುದು ನಾಲ್ಕು. ಅದರಲ್ಲಿ ಪೆಟ್ರೋಲಿಗೆ, ಊಟಕ್ಕೆ, ಬೆನ್ನು ಚಾಚುವುದಕ್ಕೆ ಒಂದೂವರೆ ಗಂಟೆ ತೆಗೆದರೆ ಮಿಕ್ಕದ್ದು ಎರಡೂವರೆ. ಅಡುಗೆಮನೆಯ ಮೇಜಿನ ಮುಂದೆ ಕೂತು ಇಷ್ಟನ್ನು ಬರೆದಾಗ ಇದು ಆಗುವ ಕೆಲಸವೆಂದೇ ನಮ್ಮಿಬ್ಬರಿಗೂ ಅನ್ನಿಸಿತು. ಬೇಸಿಗೆ ಮುಗಿದು ಮಳೆ ಶುರುವಾಗುವುದರೊಳಗೆ ಹೊರಡುವುದು ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟು ತುಮಕೂರಿನ ದಾರಿಯಲ್ಲಿ ಅಭ್ಯಾಸ. ಅವಳು ಮುಂದೆ, ನಾನು ಕಾರಿನಲ್ಲಿ ಹಿಂದೆ. ನನ್ನ ಪಕ್ಕದ ಸೀಟಿನ ಮೇಲೆ ಒಂದು ನೋಟ್‌ಬುಕ್ಕು: ಎಲ್ಲಿ ನಿಂತದ್ದು, ಎಷ್ಟು ಹೊತ್ತು, ಯಾಕೆ.

ಮೊದಲ ಭಾನುವಾರ ತುಮಕೂರಿನ ಹತ್ತಿರದ ಬಂಕೊಂದರಲ್ಲಿ ಅವಳು ಬಚ್ಚಲಿಗೆ ಹೋಗಬೇಕಾಯಿತು. ಗಾಡಿಯಿಂದ ಇಳಿದು, ಕ್ಯಾಲಿಪರ್ ಲಾಕ್ ಮಾಡಿಕೊಂಡು, ಊರುಗೋಲು ಹಾಕಿಕೊಂಡು ಕಟ್ಟಡದ ಹಿಂದಕ್ಕೆ ನಡೆದಳು. ಬಾಗಿಲಿಗೆ ಬೀಗ. ಬೀಗದ ಕೈ ಮ್ಯಾನೇಜರ ಹತ್ತಿರ, ಮ್ಯಾನೇಜರು ತಿಂಡಿಗೆ ಹೋಗಿದ್ದರು, ಬಂಕಿನ ಹುಡುಗ ಅದನ್ನು ಹುಡುಕಿ ತರಬೇಕಾಯಿತು. ಆಮೇಲೆ ಎರಡು ಮೆಟ್ಟಿಲು, ಒದ್ದೆ ನೆಲ, ಒಳಗೆ ಕುಕ್ಕರಗಾಲಲ್ಲಿ ಕೂರುವಂಥದ್ದು. ಮಂಡಿ ಮಡಚದ ಹೆಂಗಸೊಬ್ಬಳು ಅಲ್ಲಿ ಏನು ಮಾಡುತ್ತಾಳೆ ಎಂಬುದನ್ನು ನಾನು ಯೋಚಿಸಲಿಲ್ಲ. ಯೋಚಿಸದೆ ಇರುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ. ಹೊರಗೆ ನಿಂತು ವಾಚು ನೋಡುತ್ತಿದ್ದೆ. ಅವಳು ಬಂದಾಗ ಸೀರೆಯ ಅಂಚು ಒದ್ದೆಯಾಗಿತ್ತು.

"ಎಷ್ಟಾಯ್ತು?"

"ಮೂವತ್ತೆಂಟು ನಿಮಿಷ."

"ಮೂವತ್ತೆಂಟಾ? ನಿನ್ ವಾಚ್ ಸರಿ ಇದ್ಯಾ?"

"ಇದೆ."

"ಬೀಗದ ಕೈ ಹುಡುಕೋಕೇ ಹತ್ತು ನಿಮಿಷ ಮಾಡಿದ್ನಲ್ಲ ಆ ಪುಣ್ಯಾತ್ಮ. ಅದನ್ನ ಬರ್ಕೊಂಡ್ಯಾ?"

"ಬರ್ಕೊಂಡಿದೀನಿ. ಒಂಬತ್ತು."

ಅವಳು ಗಾಡಿ ಹತ್ತಿ ಕೂತಳು. ಒಂದು ಸಲಕ್ಕೆ ಮೂವತ್ತೆಂಟಾದರೆ, ಎರಡೂವರೆ ಗಂಟೆಯಲ್ಲಿ ನಾಲ್ಕು ಸಲವೂ ಪೂರ್ತಿ ಆಗುವುದಿಲ್ಲ. ಇಬ್ಬರೂ ಅದನ್ನು ಮನಸ್ಸಿನಲ್ಲೇ ಮಾಡಿಕೊಂಡೆವು.

"ನಿಲ್ದೇ ಇದ್ರೆ ಆಯ್ತು" ಅಂದಳು.

ನೋಟ್‌ಬುಕ್ಕಿನಲ್ಲಿ 'ಯಾಕೆ' ಎಂಬ ಕಡೆ ನಾನು 'ವಿರಾಮ' ಎಂದು ಬರೆದೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಮದುವೆಗೋ ಬಸ್ ಪ್ರಯಾಣಕ್ಕೋ ಹೊರಡುವುದಿದ್ದರೆ ಅಮ್ಮ ಹಿಂದಿನ ಸಾಯಂಕಾಲದಿಂದಲೇ ಅಕ್ಕ ಎಷ್ಟು ನೀರು ಕುಡಿಯುತ್ತಾಳೆಂದು ನೋಡುತ್ತಿದ್ದಳು. ಬೆಳಿಗ್ಗೆ ಬಾಯಿ ಮುಕ್ಕಳಿಸಬಹುದು, ನುಂಗಬಾರದು. ಕಾಫಿ ಅರ್ಧ ಲೋಟ. ಶಾಲೆ ಇದ್ದ ದಿನ ಅದೂ ಇಲ್ಲ, ಏಕೆಂದರೆ ಶಾಲೆಯ ಬಚ್ಚಲು ಆಟದ ಮೈದಾನದ ಆಚೆ, ಮೆಟ್ಟಿಲಿಳಿದು ಹೋಗಬೇಕಾದ ಕಡೆ ಇತ್ತು. ಬಂದವರ ಮುಂದೆ ಅಮ್ಮ ಹೆಮ್ಮೆಯಿಂದಲೇ ಹೇಳುತ್ತಿದ್ದಳು: "ನಮ್ಮ ಹುಡುಗಿ ಬೆಳಗಿಂದ ಸಾಯಂಕಾಲದ ತನಕ ಯಾರಿಗೂ ತೊಂದ್ರೆ ಕೊಡಲ್ಲ." ಅಮ್ಮನಲ್ಲಿ ಕ್ರೌರ್ಯವಿರಲಿಲ್ಲ. ಹುಡುಗಿ ನಾಲ್ಕು ಜನರ ಎದುರು ಒದ್ದಾಡಬಾರದು ಎಂಬುದೊಂದೇ ಅವಳ ಆಸೆ. ಹಾಗಾಗಿ ತಡೆದುಕೊಳ್ಳುವುದು ನಮ್ಮ ಮನೆಯಲ್ಲಿ ಒಂದು ಒಳ್ಳೆಯ ಗುಣವಾಯಿತು. ಅದರ ಬಗ್ಗೆ ಮಾತಾಡದಿರುವುದು ಇನ್ನೊಂದು. ತಮ್ಮನಾದ ನಾನು ಆ ವಿಷಯ ಎತ್ತುವ ಪ್ರಶ್ನೆಯೇ ಇರಲಿಲ್ಲ.

ಕಚೇರಿಯಲ್ಲಿ ಹೆಂಗಸರ ಬಚ್ಚಲು ಮಹಡಿಯ ಮೇಲಿತ್ತು, ಲಿಫ್ಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮೂವತ್ತೊಂದು ವರ್ಷ ಅವಳು ಹೇಗೆ ನಿಭಾಯಿಸಿದಳೆಂದು ನಾನು ಕೇಳಿದವನಲ್ಲ. ಕೆಲವು ದಿನ ಕೆಳಗಿನ ಅಡುಗೆಮನೆಯಿಂದ ಬಾರ್ಲಿ ಬೇಯುವ ವಾಸನೆ ಬರುತ್ತಿತ್ತು. ಉರಿಮೂತ್ರವಾದರೆ ನಮ್ಮಲ್ಲಿ ಬಾರ್ಲಿ ನೀರು ಕುಡಿಯುತ್ತಾರೆ. ಆ ವಾಸನೆ ಬಂದ ದಿನ ಅಕ್ಕನಿಗೆ ಹುಷಾರಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು, ಅಷ್ಟೆ.

ಫೆಬ್ರವರಿಯಲ್ಲಿ ಶಿರಾದವರೆಗೆ, ಮಾರ್ಚಿನಲ್ಲಿ ಹಿರಿಯೂರಿನವರೆಗೆ ಹೋಗಿ ಬಂದೆವು. ದೂರ ಜಾಸ್ತಿಯಾದ ಹಾಗೆ ನಿಲ್ಲುವ ಸಮಯ ಕಡಿಮೆಯಾಯಿತು. ಒಂದು ವಾರ ಎರಡು ವಿರಾಮ, ಮುಂದಿನ ವಾರ ಒಂದು, ಆಮೇಲೆ ಇಲ್ಲವೇ ಇಲ್ಲ. ನನಗೆ ಖುಷಿಯಾಯಿತು. ಇದನ್ನು ಮುಚ್ಚಿಡುವುದು ಸರಿಯಲ್ಲ. ಗ್ರಾಫ್ ಹಾಳೆಯ ಮೇಲೆ ಇಳಿಯುವ ಗೆರೆಯೊಂದನ್ನು ಎಳೆದು ಅವಳಿಗೆ ಕೊಟ್ಟೆ, ಅವಳು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಹ್ಯಾಂಡಲ್ ಎಳೆದೆಳೆದು ಭುಜ ನೋಯುತ್ತದೆಂದು ಹೊರಡುವ ಮುಂಚೆ ಒಂದು ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದವಳು ಎರಡಕ್ಕೆ ಬಂದಳು. ಅದನ್ನೂ ಬರೆದೆ.

ಒಮ್ಮೆ ಮಾತ್ರ ಕೇಳಿದೆ: "ನೀರು ಕುಡೀತಿದೀಯ ತಾನೆ?"

"ಕುಡೀತಿದೀನಿ. ಬೇಕಿದ್ರೆ ನಿನ್ ಪುಸ್ತಕದಲ್ಲಿ ಅದಕ್ಕೂ ಒಂದು ಜಾಗ ಮಾಡ್ಕೋ ಮಾರಾಯ."

ಮಾಡಿಕೊಂಡೆ. ಅಲ್ಲಿಂದ ಮುಂದೆ ಪೆಟ್ರೋಲಿಗೋ ಬೆನ್ನು ಚಾಚುವುದಕ್ಕೋ ನಿಂತಲ್ಲೆಲ್ಲ ಅವಳು ತನ್ನ ಒಂದು ಲೀಟರಿನ ಸ್ಟೀಲ್ ಬಾಟಲಿಯನ್ನು ಖಾಲಿ ಮಾಡಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಕಾರಿನ ಡಿಕ್ಕಿಯಲ್ಲಿದ್ದ ಕ್ಯಾನಿನಿಂದ ತುಂಬಿಸಿ ಕೊಟ್ಟು ಬರೆದುಕೊಳ್ಳುತ್ತಿದ್ದೆ. ಅಷ್ಟು ನೀರು ಕುಡಿದವಳು ಯಾಕೆ ಎಲ್ಲೂ ಇಳಿಯುವುದಿಲ್ಲ ಎಂಬುದು ಎರಡು ಸಾಲುಗಳನ್ನು ಪಕ್ಕದಲ್ಲಿಟ್ಟು ಓದಿದ ಯಾರಿಗಾದರೂ ಹೊಳೆಯಬೇಕಿತ್ತು. ನಾನು ಪ್ರತಿ ಸಾಲನ್ನೂ ಬೇರೆಬೇರೆಯಾಗಿ ಬರೆದೆ.

ಏಪ್ರಿಲ್‌ನಲ್ಲಿ ಕೊನೆಯ ಅಭ್ಯಾಸ, ಚಿತ್ರದುರ್ಗಕ್ಕೆ ಹೋಗಿ ವಾಪಸ್, ನಾನೂರು ಕಿಲೋಮೀಟರ್. ಅದರಲ್ಲಿ ಒಟ್ಟು ನಿಂತ ಸಮಯ ಒಂದು ಗಂಟೆಯ ಒಳಗಿದ್ದರೆ ಮೂರು ವಾರದಲ್ಲಿ ಬೆಳಗಾವಿಗೆ ಹೊರಡುವುದು ಎಂದುಕೊಂಡಿದ್ದೆವು. ಚಿತ್ರದುರ್ಗ ಮುಟ್ಟುವವರೆಗೆ ಎಲ್ಲ ಸರಿಯಾಗಿತ್ತು. ವಾಪಸ್ ಬರುವಾಗ ಹಿರಿಯೂರು ದಾಟಿದ ಮೇಲೆ ಒಂದು ಲಾರಿ ಅಡ್ಡ ಬಂದು ನಾನು ಹಿಂದೆ ಬಿದ್ದೆ. ಲಾರಿಯನ್ನು ದಾಟಿದಾಗ ಅವಳ ಗಾಡಿ ಮುಂದೆ ಹುಣಸೆಮರದ ಕೆಳಗೆ ನಿಂತದ್ದು ಕಂಡಿತು. ಸುಮಾರು ನೂರು ಮೀಟರ್ ದೂರವಿದ್ದೆ. ಅವಳ ಎಡಗೈ ಸೀಟಿನ ಪಕ್ಕಕ್ಕೆ ಕೆಳಗೆ ಚಾಚಿತ್ತು. ಕೈಯಲ್ಲಿ ಬಾಟಲಿ ಬೋರಲಾಗಿತ್ತು.

ನಾನು ಕಾರನ್ನು ನಿಧಾನ ಮಾಡಿದೆ. ಹತ್ತಿರ ಹೋಗಿ ನಿಲ್ಲಿಸುವ ಹೊತ್ತಿಗೆ ಬಾಟಲಿಗೆ ಮುಚ್ಚಳ ಹಾಕಿಯಾಗಿತ್ತು.

"ಖಾಲಿ. ತುಂಬ್ಸು" ಅಂದಳು.

ಅವಳ ತುಟಿ ಬಿಳಿಚಿಕೊಂಡು ಒಂದು ಕಡೆ ಒಡೆದಿತ್ತು. ಹಿಂದಿನ ಎಡ ಚಕ್ರದ ಪಕ್ಕದ ಮಣ್ಣಿನಲ್ಲಿ ತಟ್ಟೆಯಷ್ಟು ಅಗಲದ ಒದ್ದೆ. ಬಿಸಿಲಿಗೆ ಅದು ಅಂಚಿನಿಂದ ಒಳಕ್ಕೆ ಆರುತ್ತಿತ್ತು. ನಾನು ಅದನ್ನು ನೋಡಿದೆ. ಬಾಟಲಿ ತುಂಬಿಸಿ ಕೊಟ್ಟೆ. ಕಾರಿನಲ್ಲಿ ಕೂತು ನೋಟ್‌ಬುಕ್ಕು ತೆಗೆದು ಬರೆದೆ: ಹತ್ತು ಗಂಟೆ ಇಪ್ಪತ್ತಾರು, ಆರು ನಿಮಿಷ, ಮಾತ್ರೆ ಒಂದು, ನೀರು ಒಂದು ಲೀಟರು.

ಮೂವತ್ತೆರಡು ವರ್ಷದ ಕೆಲಸದಲ್ಲಿ ನಾನು ಕಾಣದ್ದನ್ನು ಬರೆದವನಲ್ಲ. ಆ ಸಾಲನ್ನು ಯಾಕೆ ಬರೆದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಸೊನ್ನೆ ಎಂದು ಬರೆದರೆ ಅವಳನ್ನು ಕೇಳಬೇಕಾಗುತ್ತಿತ್ತು. ಕೇಳಿದರೆ ನಮ್ಮ ಮನೆಯಲ್ಲಿ ಯಾರೂ ಆಡದ ಮಾತನ್ನು ಹೆದ್ದಾರಿಯ ಪಕ್ಕ ನಿಂತು ಆಡಬೇಕಾಗುತ್ತಿತ್ತು. ಇದು ನಿಜ, ಆದರೆ ಪೂರ್ತಿ ನಿಜವಲ್ಲ. ಆವತ್ತು ಆ ಹೊತ್ತಿಗೆ ನಾವು ನಿಂತದ್ದು ಒಟ್ಟು ಇಪ್ಪತ್ತೊಂಬತ್ತು ನಿಮಿಷ. ಸಾವಿರ ಆಗುವುದು ಕಣ್ಣಿಗೆ ಕಾಣುತ್ತಿತ್ತು. ಆ ಕಾಗದದ ಕೆಳಗೆ ಸಾಕ್ಷಿಯೆಂದು ಸಹಿ ಹಾಕಲು ನನಗೂ ಆಸೆಯಿತ್ತು.

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಮನೆ ಮುಟ್ಟಿದೆವು. ಗೇಟನ್ನು ಅಷ್ಟರಲ್ಲಿ ಅಗಲ ಮಾಡಿಸಿದ್ದೆವು, ಅವಳು ನೇರ ಒಳಗೆ ಬಂದು ನಿಲ್ಲಿಸಿದಳು. ನಿಂತ ಸಮಯ ಒಟ್ಟು ನಲವತ್ತೊಂದು ನಿಮಿಷ ಎಂದೆ.

"ಹಾಗಿದ್ರೆ ಬೆಳಗಾವೀಲಿ ಕುಂದಾ ತಿಂದು ಬರೋಷ್ಟು ಟೈಮ್ ಮಿಗುತ್ತೆ" ಅಂದು ನಕ್ಕಳು. ನಗುವಾಗ ಒಡೆದ ತುಟಿಗೆ ಬೆರಳು ಒತ್ತಿ ಹಿಡಿದುಕೊಂಡಳು.

ಸೋಮವಾರ ಮಲಗಿಯೇ ಇದ್ದಳು. ಸುಸ್ತು ಅಂದಳು. ಮಂಗಳವಾರ ಏನೂ ಸೇರಲಿಲ್ಲ. ಬುಧವಾರ ಬೆಳಿಗ್ಗೆ ನನ್ನ ಹೆಂಡತಿ ಕೆಳಗೆ ಹೋಗಿ ನೋಡಿ ನನ್ನನ್ನು ಕೂಗಿದಳು. ಅಕ್ಕನ ಮುಖ ಊದಿಕೊಂಡು ಕಣ್ಣು ಸಣ್ಣದಾಗಿತ್ತು, ಎರಡು ಸಲ ವಾಂತಿಯಾಗಿತ್ತು. ವಿಶ್ವೇಶ್ವರಪುರಂ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಕಿಡ್ನಿಯ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಅಕ್ಕ ಏನು ತಿಂದಳು, ಏನು ಕುಡಿದಳು, ಯಾವ ಮಾತ್ರೆ ಎಂದು ಕೇಳಿದರು. ನಾನು ನೋಟ್‌ಬುಕ್ಕನ್ನು ಅವರ ಮುಂದಿಟ್ಟೆ. ಅವರು ಜನವರಿಯಿಂದ ಶುರುಮಾಡಿ ಒಂದೊಂದೇ ಹಾಳೆ ತಿರುವಿದರು. ಮಧ್ಯದಲ್ಲಿ ಒಮ್ಮೆ ತಲೆಯೆತ್ತಿ, "ಇದನ್ನ ಯಾರು ಬರ್ದಿದ್ದು?" ಅಂದರು.

"ನಾನು. ತಮ್ಮ."

"ತುಂಬಾ ನೀಟಾಗಿ ಬರ್ದಿದೀರಿ."

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಕೊನೆಯ ಹಾಳೆಗೆ ಬಂದಾಗ ಅವರು ಪೆನ್ನಿನ ತುದಿಯನ್ನು ಒಂದು ಸಾಲಿನ ಮೇಲಿಟ್ಟರು. "ಇಲ್ಲಿ ಪ್ರತಿ ಸಲ ಒಂದೊಂದು ಲೀಟರು ಅಂತಿದೆ. ಇಷ್ಟು ಕುಡಿದಿದ್ರೆ ಈ ರಿಪೋರ್ಟು ಹೀಗೆ ಬರಬಾರ್ದಲ್ಲ ಸಾರ್."

ನಾನು ಅವರ ಪೆನ್ನನ್ನೇ ಕೇಳಿ ತೆಗೆದುಕೊಂಡೆ. ಹತ್ತು ಇಪ್ಪತ್ತಾರರ ಸಾಲಿನಲ್ಲಿ 'ಒಂದು ಲೀಟರು' ಎಂಬುದರ ಮೇಲೆ ಗೆರೆ ಎಳೆದು, 'ಚೆಲ್ಲಿದ್ದು, ನಾನು ನೋಡಿದೆ' ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದೆ. ಬೇರೆ ಸಾಲುಗಳ ಬಗ್ಗೆ ನನಗೆ ಗೊತ್ತಿಲ್ಲ, ಆದರೆ ಅವೂ ಹಾಗೆಯೇ ಇರಬಹುದು ಅಂದೆ. ಡಾಕ್ಟರು ಆ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ವಿವರಿಸಿದರು. ಕಿಡ್ನಿಗಳು ಎಷ್ಟೋ ವರ್ಷದಿಂದ ಕುಗ್ಗಿದ್ದವು, ಇದು ಒಂದು ದಿನದ ಕೆಲಸವಲ್ಲ. ಆದರೆ ಆ ಬಿಸಿಲು, ಆ ಮಾತ್ರೆ, ನೀರಿಲ್ಲದ ಆ ವಾರಗಳು ಇರದಿದ್ದರೆ ಅವು ಇನ್ನಷ್ಟು ವರ್ಷ ನಡೆಯುತ್ತಿದ್ದವೇನೋ. ಈ 'ಏನೋ' ಎಂಬುದನ್ನು ಅವರು ಒತ್ತಿ ಹೇಳಿದರು, ನನಗಾಗಿ ಇರಬೇಕು.

ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಯಿತು. ನೀರು, ಕಾಫಿ, ಸಾರು ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ಕೊಡಬಾರದು ಎಂದರು. ಮಿಕ್ಕ ರೋಗಿಗಳು ಬಾಯಾರಿ ಒಂದು ಚೂರು ಐಸಿಗೆ ಗೋಗರೆಯುತ್ತಿದ್ದರು. ಅಕ್ಕ ಕೊಟ್ಟ ಮುಕ್ಕಾಲು ಲೀಟರಿನಲ್ಲೂ ಉಳಿಸುತ್ತಿದ್ದಳು. "ಈ ಅಮ್ಮನ್ನ ನೋಡಿ ಕಲೀರಿ" ಎಂದು ನರ್ಸು ಪಕ್ಕದ ಹಾಸಿಗೆಯವರಿಗೆ ಹೇಳಿದಾಗ ನಾನು ಎದ್ದು ಹೊರಗೆ ಹೋದೆ.

ಜೂನಿನಲ್ಲಿ ಮೇಸ್ತ್ರಿ ಮನೆಗೆ ಬಂದರು. ಅವರಿಗೆ ವಿಷಯ ಗೊತ್ತಿರಲಿಲ್ಲ. ಹೊಸ ಬೇರಿಂಗು ತಂದಿದ್ದರು.

"ಇದನ್ನ ಹಾಕಿಬಿಟ್ರೆ ಅರವತ್ತಕ್ಕೂ ಹೋಗ್ಬಹುದು ಮೇಡಂ" ಅಂದವರು ಅಕ್ಕನ ತೋಳಿನ ಬ್ಯಾಂಡೇಜನ್ನು ನೋಡಿ ಮಾತು ನಿಲ್ಲಿಸಿದರು.

"ಹಾಕಿ. ಬೇರೆ ಯಾರಿಗಾದ್ರೂ ಆಗುತ್ತೆ" ಅಂದಳು ಅಕ್ಕ. ಅವರು ಅಂಗಳದಲ್ಲಿ ಕೂತು ಒಂದು ಗಂಟೆ ಕೆಲಸ ಮಾಡಿದರು. ಅಕ್ಕ ಕಿಟಕಿಯ ಹತ್ತಿರ ಕೂತು ನೋಡಿದಳು. ಬೆಳಗಾವಿಯ ಮಾತನ್ನು ಯಾರೂ ಎತ್ತಲಿಲ್ಲ. ಕ್ಲಬ್ಬಿಗೆ ಬರುವುದಿಲ್ಲವೆಂದು ಅವಳೇ ಬರೆದು ಕಳಿಸಿದ್ದಳು.

ಅವಳು ಹೋದದ್ದು ಕಾರ್ತಿಕ ಮಾಸದಲ್ಲಿ, ರಕ್ತಕ್ಕೆ ಸೋಂಕು ತಗುಲಿ. ಅದಕ್ಕೆ ಸುಮಾರು ಒಂದು ವಾರ ಮುಂಚಿನ ಬುಧವಾರ, ಡಯಾಲಿಸಿಸ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಅವಳು ಕಣ್ಣು ಮುಚ್ಚಿದ್ದಳು, ನಿದ್ದೆ ಬಂದಿದೆ ಎಂದುಕೊಂಡಿದ್ದೆ.

"ಆವತ್ತು ಹುಣಸೆಮರದ ಹತ್ರ ನಾನು ನೀರು ಚೆಲ್ಲಿದ್ದು ನೋಡ್ದೆ ಅಲ್ವಾ ನೀನು?"

"ನೋಡ್ದೆ."

"ನಂಗೊತ್ತಿತ್ತು. ಕಾರು ನಿಧಾನ ಮಾಡ್ದೆ."

ಯಂತ್ರದ ಚಕ್ರ ತಿರುಗುತ್ತಿತ್ತು.

"ಕೇಳಿದ್ರೆ ನಿನ್ ಜೊತೆ ಮಾತು ಬಿಡ್ತಿದ್ದೆ. ಒಂದು ವರ್ಷವಾದ್ರೂ ಬಿಡ್ತಿದ್ದೆ."

"ಗೊತ್ತಕ್ಕ."

"ಆದ್ರೂ ಕೇಳ್ಬೇಕಿತ್ತು ಕಣೋ."

ಹಾಲು ಉಕ್ಕಿದೆ ನೋಡು ಎಂದು ಹೇಳುವ ದನಿಯಲ್ಲಿ ಹೇಳಿದಳು, ಕೋಪವಿರಲಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದೆ, ಆದರೆ ಅವಳು ಹೇಳಿದ್ದು ಅದನ್ನಲ್ಲ ಎಂದು ಗೊತ್ತಾಗಿ ನಿಲ್ಲಿಸಿದೆ.

"ತುಂಬಾ ಕಷ್ಟ ಆಗ್ತಿತ್ತಾ ಅಕ್ಕ? ಸ್ಕೂಲಲ್ಲಿ, ಆಫೀಸಲ್ಲಿ?"

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಆಮೇಲೆ ಮೇಲೆ ಛಾವಣಿಯನ್ನು ನೋಡುತ್ತಾ ಹೇಳಲು ಶುರುಮಾಡಿದಳು. ಒಂದನೇ ಕ್ಲಾಸಿನಿಂದ ಶುರುಮಾಡಿದಳು. ಯಾವ ಟೀಚರು, ಎಷ್ಟು ಮೆಟ್ಟಿಲು, ಯಾರು ಬಾಗಿಲು ಹಿಡಿದು ನಿಲ್ಲುತ್ತಿದ್ದರು, ಯಾರು ನಗುತ್ತಿದ್ದರು, ಮಳೆಗಾಲದಲ್ಲಿ ಏನು ಮಾಡುತ್ತಿದ್ದಳು. ಎಲ್ಲವೂ ನೆನಪಿತ್ತು ಅವಳಿಗೆ. ನರ್ಸು ಬಂದು ಸೂಜಿ ತೆಗೆಯುವಾಗ ಇನ್ನೂ ಏಳನೇ ಕ್ಲಾಸಿನಲ್ಲಿದ್ದಳು.

"ಆಫೀಸಿಂದು ಶುಕ್ರವಾರ ಹೇಳ್ತೀನಿ" ಅಂದಳು.

ಶುಕ್ರವಾರ ಚಳಿಜ್ವರ ಬಂದಿತ್ತು. ಆ ದಿನ ಅವಳು ಮಾತಾಡಲಿಲ್ಲ.